ನರಿಮರಿ ಸಿಕ್ಕ ಬೇಸಿಗೆ

ಹೋದ ತಿಂಗಳು ತಂಗಿಯ ಮೊಮ್ಮಗಳ ಮದುವೆಗೆಂದು ದಾವಣಗೆರೆಯಲ್ಲಿ ಜಗಳೂರಿನ ಬಸ್ಸು ಹತ್ತಿದ್ದೆ. ಅರ್ಧ ದಾರಿಯಲ್ಲಿ ಟೈರು ಪಂಕ್ಚರಾಗಿ ಬಸ್ಸು ನಿಂತಿತು. ಕೆಳಗಿಳಿದು ರಸ್ತೆಯ ಬದಿಯಲ್ಲಿ ನಿಂತವನಿಗೆ ಗಾಳಿಯಲ್ಲಿ ಸಣ್ಣಗೆ ಮಲ್ಲಿಗೆಯಂಥ ಪರಿಮಳ ಬಂತು. ಅದು ಮಲ್ಲಿಗೆ ಬೆಳೆಯುವ ನೆಲವಲ್ಲ. ತಿರುಗಿ ನೋಡಿದರೆ ಬದುವಿನ ಮೇಲೆ ಕವಳೆ ಪೊದೆ, ಮುಳ್ಳಿನ ಸಂದುಗೊಂದಿಗೆಲ್ಲ ಬಿಳಿ ಹೂವು. ಜೊತೆಗಿದ್ದ ಮಗ ಏನಾಯಿತೆಂದು ಕೇಳಿದ. ಬಿಸಿಲು ಜೋರು ಎಂದೆ. ನನಗೆ ಕವಳೆಯ ಹೂವನ್ನು ಮೊದಲು ಮೂಸಿಸಿದವರು ಚನ್ನಬಸಪ್ಪ ಮೇಷ್ಟ್ರು. ಅವರ ಜೊತೆ ನಾನು ಕಳೆದದ್ದು ಮೂರು ಬೇಸಿಗೆ ಮಾತ್ರ. ಮೂರನೆಯದನ್ನು ನೆನೆಯದೆ ಮೊದಲಿನ ಎರಡನ್ನು ನೆನೆಯಲು ನನ್ನಿಂದ ಆಗುವುದಿಲ್ಲ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳು ಅವು. ಸೀಮೆಎಣ್ಣೆಗೆ ಸಾಲು ನಿಲ್ಲಬೇಕು. ಪೆಟ್ರೋಲಿಲ್ಲದೆ ಬಸ್ಸುಗಳು ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತ ಓಡಾಡುತ್ತಿದ್ದವು. ನನ್ನ ಊರು ನ್ಯಾಮತಿ. ಅಲ್ಲಿ ಅಪ್ಪನಿಗೆ ಜವಳಿ ಅಂಗಡಿ ಇತ್ತು. ಗಜ ಹಿಡಿದು ಕೂರುವ ತಾಳ್ಮೆ ನನಗಿರಲಿಲ್ಲ. ಸಿಡುಬಿನ ದಾಕು ಹಾಕುವ ಕೆಲಸಕ್ಕೆ ಸೇರಿ ಜಗಳೂರು ತಾಲ್ಲೂಕಿಗೆ ಬಂದುಬಿದ್ದೆ. ಹೆಗಲಿಗೆ ಚರ್ಮದ ಚೀಲ, ಅದರೊಳಗೆ ಸ್ಪಿರಿಟ್ ದೀಪ, ಸೂಜಿ, ಔಷಧದ ಕೊಳವೆಗಳು. ಊರಿಂದೂರಿಗೆ ನಡಿಗೆ. ನಾನು ಊರ ಬಾಗಿಲಿಗೆ ಬರುವುದನ್ನು ಕಂಡರೆ ತಾಯಂದಿರು ಮಕ್ಕಳನ್ನು ಮೂಟೆಗಳ ಹಿಂದೆ ಬಚ್ಚಿಡುತ್ತಿದ್ದರು. ದಾಕಿನವನು ಬಂದ ಎಂದು ಹೇಳಿ ಹಟಮಾರಿ ಮಕ್ಕಳಿಗೆ ಊಟ ಮಾಡಿಸುತ್ತಿದ್ದರಂತೆ.

ಮೊದಲ ಕೆಲವು ತಿಂಗಳು ನನಗೆ ಆ ಸೀಮೆಯಲ್ಲಿ ಏನೂ ಕಾಣಲಿಲ್ಲ. ನ್ಯಾಮತಿಯ ಸುತ್ತ ಕಾಡಿತ್ತು, ಹಸಿರಿತ್ತು. ಇಲ್ಲಿ ಕಲ್ಲು, ಎರೆನೆಲ, ಜಾಲಿ, ನಡುನಡುವೆ ಮಟ್ಟಿ ಎನ್ನುವ ಕುರುಚಲು ದಿಬ್ಬಗಳು, ಅಷ್ಟೇ. ಸೊಕ್ಕೆಯಿಂದ ಆಚೆಗೆ ಒಂದು ಊರು, ಹೆಸರು ಬೇಡ. ಆ ಊರಿಗೆ ಹೋಗುವ ದಾರಿಯಲ್ಲಿ ಒಂದು ಬೆಳಿಗ್ಗೆ, ಮಟ್ಟಿಯ ಬುಡದಲ್ಲಿ, ಕೋಟು ಹಾಕಿಕೊಂಡ ಒಬ್ಬರು ಮುಳ್ಳಿನ ಪೊದೆಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತಿದ್ದರು. ಏನೋ ಕಳೆದುಕೊಂಡಿದ್ದಾರೆ ಎಂದುಕೊಂಡು ಹತ್ತಿರ ಹೋದೆ. ಅವರು ತಿರುಗದೆ ಕೈ ಎತ್ತಿ ತಡೆದರು. ಗೂಡಿನಾಗೆ ಮರಿ ಅದಾವೆ, ತುಸು ನಿಂತ್ಕಳ್ರಿ ಎಂದರು. ನಾನು ನಿಂತೆ. ಬೊಗಸೆಗಿಂತ ಚಿಕ್ಕದಾದ ಗೂಡಿನಿಂದ ಕೆಂಪು ಬಾಯಿಗಳು ಮೇಲೆದ್ದವು, ತಾಯಿಹಕ್ಕಿ ಬಂದು ಮಿಡತೆ ತುರುಕಿ ಹೋಯಿತು. ಅದೇ ಪೊದೆಯ ಒಂದು ಹೂವನ್ನು ಕಿತ್ತು ನನ್ನ ಮೂಗಿಗೆ ಹಿಡಿದು, ಇದು ಕವಳೆ, ನಿಮ್ಮ ಕಡೆ ಹಣ್ಣನ್ನಷ್ಟೇ ನೋಡಿರ್ತೀರಿ ಎಂದರು. ಆ ಊರಿನ ಶಾಲೆಯ ಚನ್ನಬಸಪ್ಪ ಮೇಷ್ಟ್ರು ಅವರೇ. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು, ತೆಳ್ಳಗಿನ ಆಳು, ನಗುವಾಗ ಕಣ್ಣು ಮುಚ್ಚಿಹೋಗುತ್ತಿತ್ತು.

ಅಂದಿನಿಂದ ನನಗೆ ಕಣ್ಣು ಬಂತು ಎಂದರೆ ಹೆಚ್ಚಾಗಲಿಲ್ಲ. ಸಂತೆಯ ದಿನ ಮೇಷ್ಟ್ರು ಜಗಳೂರಿಗೆ ಬಂದರೆ ನನ್ನ ಬಾಡಿಗೆ ಕೋಣೆಯ ಜಗುಲಿಯಲ್ಲಿ ಕೂತು ಆ ವಾರ ಕಂಡದ್ದನ್ನೆಲ್ಲ ಹೇಳುತ್ತಿದ್ದರು. ನಾನು ಕಂಡದ್ದನ್ನು ಹೇಳಬೇಕು. ಏನೂ ಕಾಣಲಿಲ್ಲ ಎಂದರೆ ಒಪ್ಪುತ್ತಿರಲಿಲ್ಲ. ಸ್ವಲ್ಪ ದಿನಕ್ಕೆ ಅರಣ್ಯದ ಗಾರ್ಡು ರಹಮಾನ್ ಸಾಬರೂ ಸೇರಿಕೊಂಡರು. ಅವರು ಚನ್ನಗಿರಿಯವರು. ತಮ್ಮ ಊರ ಕಾಡಿನ ಮುತ್ತುಗ, ಕೆರೆಗೆ ಬಂದಿಳಿಯುವ ಹಕ್ಕಿಗಳು, ಸೀಳುನಾಯಿಯ ಹಿಂಡು, ಇವುಗಳ ಮುಂದೆ ನಿಮ್ಮ ಜಗಳೂರು ಯಾವ ಮೂಲೆಗೆ ಎಂದು ಕೆಣಕುತ್ತಿದ್ದರು. ಮೇಷ್ಟ್ರ ಹೆಂಡತಿ ಗಿರಿಜಮ್ಮನ ತವರು ಹೊನ್ನಾಳಿ. ಅವರ ತಮ್ಮ ಬಂದಾಗಲೆಲ್ಲ ಹೊಳೆಯ ಸುದ್ದಿ ಬರುತ್ತಿತ್ತು: ನೀರು ಇಳಿದು ಮರಳು ತೇಲಿದೆ, ಮರಳಿನ ಮೇಲೆ ಹಕ್ಕಿ ಮೊಟ್ಟೆ ಇಟ್ಟಿದೆ, ನೀರುನಾಯಿಗಳು ಬಂಡೆ ಏರಿ ಮೈ ಕಾಯಿಸುತ್ತಿವೆ. ಹೀಗೆ ಬೇಸಿಗೆಯ ಮೊದಲ ದಿನಗಳಲ್ಲಿ ನಾಲ್ಕು ಊರಿನ ಕಾಡು ಬಯಲು ನನ್ನ ಜಗುಲಿಗೆ ಬಂದು ಸೇರುತ್ತಿದ್ದವು. ಸಂತೆಗೆ ಬಂದವರು ನಮ್ಮನ್ನು ನೋಡಿ, ಕೆಲಸವಿಲ್ಲದ ಸರ್ಕಾರಿ ಜನ ಎಂದುಕೊಂಡು ಹೋಗುತ್ತಿದ್ದರು.

ಮೂರನೆಯ ಬೇಸಿಗೆ ಬಹಳ ಚೆನ್ನಾಗಿ ಶುರುವಾಯಿತು. ಮಾಘ ಕಳೆಯುವ ಮೊದಲೇ ಮುತ್ತುಗ ಎಲೆ ಉದುರಿಸಿ ಉರಿಯತೊಡಗಿತು. ರಂಗಯ್ಯನದುರ್ಗದ ಗುಡ್ಡದಲ್ಲಿ ರಹಮಾನ್ ಸಾಬರು ಕೊಂಡುಕುರಿ ಕಂಡರು. ಹಣೆಯ ಮೇಲೆ ಎರಡು ಪುಟ್ಟ ಕೊಂಬು, ಹಿಂದೆ ಎರಡು ಉದ್ದ ಕೊಂಬು, ತಾನು ನೋಡುತ್ತಿರುವುದು ಗೊತ್ತಾದರೂ ಅದು ಓಡಲಿಲ್ಲವೆಂದು ಎರಡು ಸಲ ಹೇಳಿದರು. ನಾನು ಎರೆಹೊಲದಲ್ಲಿ ಎರೆಭೂತ ಎನ್ನುವ ಆ ಸೊಂಟದೆತ್ತರದ ಹಕ್ಕಿ ಕೊರಳು ಉಬ್ಬಿಸಿಕೊಂಡು ಹೆಣ್ಣಿನ ಮುಂದೆ ನಡೆದಾಡುವುದನ್ನು ಕಂಡಿದ್ದೆ. ಅದನ್ನು ಹೇಳಿದಾಗ ಮೇಷ್ಟ್ರು ನನ್ನ ಬೆನ್ನು ತಟ್ಟಿದರು. ಆ ವಾರ ಅವರದೇ ದೊಡ್ಡ ಸುದ್ದಿ. ಮಟ್ಟಿಯ ಮಗ್ಗುಲಲ್ಲಿ ಒಂದು ನರಿಮರಿ ಸಿಕ್ಕಿತ್ತು. ನಮ್ಮ ಬಯಲಿನ ಸಣ್ಣ ನರಿ, ಬಾಲದ ತುದಿ ಮಸಿಯಲ್ಲಿ ಅದ್ದಿದ ಹಾಗೆ ಕಪ್ಪು. ಹಗಲು ಹೊತ್ತಿನಲ್ಲಿ ಬಿಲದಿಂದ ದೂರ ಒಂಟಿಯಾಗಿ ತೂರಾಡುತ್ತಿತ್ತಂತೆ. ಎತ್ತಿಕೊಂಡರೆ ಕೊಸರಾಡದೆ ಕೈಯಲ್ಲಿ ಮಲಗಿತಂತೆ. ತಾಯಿ ಸತ್ತಿರಬೇಕೆಂದು ಶಾಲೆಗೆ ತಂದರು. ಮಕ್ಕಳಿಗೆ ಹಬ್ಬ. ಗೌಡರ ಮಗಳು ಹಾಲಮ್ಮ ಮನೆಯಿಂದ ಹಾಲು ತಂದು ಬೆರಳಲ್ಲಿ ಅದ್ದಿ ನೆಕ್ಕಿಸಿದಳು. ಆದರೆ ಅದಕ್ಕೆ ನುಂಗಲು ಆಗಲಿಲ್ಲ. ಮೂರನೆಯ ದಿನ ಸತ್ತುಹೋಯಿತು. ಶಾಲೆಯ ಹಿಂದೆ ಹೂತರು. ಹೇಳುತ್ತ ಮೇಷ್ಟ್ರು ಬಲಗೈಯ ಹೆಬ್ಬೆರಳು ತೋರಿಸಿದರು. ಕಾಳಿನಷ್ಟು ಗಾಯ, ಅದೂ ಆಗಲೇ ಒಣಗಿತ್ತು. ಹೋಗೋ ಮುಂಚೆ ಗುರುತು ಕೊಟ್ಟು ಹೋಯ್ತು ಎಂದು ನಕ್ಕರು. ನಾವೂ ನಕ್ಕೆವು.

ಮುಂದಿನ ಸಂತೆಯಲ್ಲಿ ರಹಮಾನ್ ಸಾಬರು ಒಂದು ವಿಚಿತ್ರ ಹೇಳಿದರು. ಮಟಮಟ ಮಧ್ಯಾಹ್ನ ಒಂದು ನರಿ ಹೊಲದ ಬೇಲಿಯ ಜಾಲಿಮುಳ್ಳನ್ನು ಕಡಿಯುತ್ತ ನಿಂತಿತ್ತು. ಬಾಯೆಲ್ಲ ರಕ್ತ, ಆದರೂ ಬಿಡಲಿಲ್ಲ. ಕಲ್ಲು ಬೀರಿದರೂ ಕದಲಲಿಲ್ಲ. ಹಸಿವಿಗೆ ಹಾಗೆ ಮಾಡಿತೋ ಏನೋ ಎಂದು ಮಾತಾಡಿಕೊಂಡೆವು.

ಯುಗಾದಿಗೆ ಮೇಷ್ಟ್ರು ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಹಬ್ಬದ ದಿನ ಮನೆ ಬಿಕೋ ಎನ್ನಬಾರದೆಂದು ಗಿರಿಜಮ್ಮನೇ ಹೇಳಿಕಳುಹಿಸಿದ್ದರು. ಬೇವುಬೆಲ್ಲ ಕೊಟ್ಟು ಎಲೆ ಹಾಕಿದರು. ಹೋಳಿಗೆ ಬಡಿಸುತ್ತಿದ್ದಾಗ ನಾನು ಹಿಂದಿನ ದಿನ ದಾರಿಯಲ್ಲಿ ಕಂಡದ್ದನ್ನು ಹೇಳಿದೆ. ಒಂದು ನರಿ ಹೋಗುತ್ತಿದ್ದ ಗಾಡಿಯ ಹಿಂದೆ ಬಿದ್ದು ಚಕ್ರವನ್ನು ಕಚ್ಚಲು ನೋಡುತ್ತಿತ್ತು. ಕೆಳದವಡೆ ಜೋತುಬಿದ್ದಿತ್ತು. ಗಾಡಿಯವನು ಚಾವಟಿಯಲ್ಲಿ ಹೊಡೆದರೂ ಎದ್ದು ಬಂತು. ರಹಮಾನ್ ಸಾಬರು ಯಾವ ಕಡೆ ಎಂದು ಕೇಳಿದರು. ಹೇಳಿದೆ. ಅವರು ಬೇಲಿ ಕಡಿಯುವುದನ್ನು ಕಂಡದ್ದೂ ಅದೇ ಮಗ್ಗುಲು. ಹುಚ್ಚು ಹಿಡಿದೈತೆ ಅದಕ್ಕೆ, ಊರವರಿಗೆ ಹೇಳ್ಬೇಕು ಎಂದು ಅವರು ಎಲೆಯಿಂದ ಕೈ ತೆಗೆದರು. ಮೇಷ್ಟ್ರೂ ಹೌದೆಂದು ತಲೆಯಾಡಿಸಿ, ಕುರುಬರ ಹಟ್ಟಿಗೆ ಮೊದಲು ಹೋಗಬೇಕೆಂದು ಹೇಳುತ್ತಿದ್ದರು.

ಗಿರಿಜಮ್ಮ ತುಪ್ಪದ ಗಿಂಡಿ ಹಿಡಿದು ನಿಂತವರು ನಿಂತೇ ಇದ್ದರು.

"ಮರಿ ಸಿಕ್ಕಿದ್ದೂ ಆ ಕಡೇನೇ ಅಲ್ಲೇನ್ರಿ? ನಿಮ್ಮ ಬೆರಳು ಕಚ್ಚಿತ್ತಲ್ಲ."

ಮೇಷ್ಟ್ರು ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡರು. ಗಾಯದ ಗುರುತು ಹುಡುಕಬೇಕಾಗಿತ್ತು, ಅಷ್ಟು ಮಾಸಿತ್ತು. ಆಮೇಲೆ ಅವರ ಮುಖ ಬೆಳ್ಳಗಾಯಿತು. ತನ್ನ ಸಲುವಾಗಿ ಅಲ್ಲ ಎಂದು ಆ ಗಳಿಗೆಯಲ್ಲೇ ನನಗೆ ತಿಳಿಯಿತು. ಅವರು ಒಬ್ಬೊಬ್ಬರಾಗಿ ಮಕ್ಕಳ ಹೆಸರು ಹೇಳತೊಡಗಿದರು. ಹಾಲಮ್ಮ, ಅವಳ ಪಕ್ಕ ಕೂರುವ ಹುಡುಗಿ, ಕುರುಬರ ಇಬ್ಬರು ಅಣ್ಣತಮ್ಮಂದಿರು, ಬಡಿಗೇರ ಹುಡುಗ. ಯಾರು ಎತ್ತಿಕೊಂಡಿದ್ದರು, ಯಾರ ಕೈ ನೆಕ್ಕಿತ್ತು, ಯಾರ ಕೈಯಲ್ಲಿ ಗಾಯವಿತ್ತು ಎಂದು ಕಣ್ಣು ಮುಚ್ಚಿ ನೆನಪಿಸಿಕೊಂಡರು. ಹಾಲಮ್ಮನಿಗೆ ಹಲ್ಲು ತಾಗಿತ್ತು. ಅದು ಅವರಿಗೆ ಚೆನ್ನಾಗಿ ನೆನಪಿತ್ತು, ಏಕೆಂದರೆ ಅವಳು ಅಳದಿದ್ದಕ್ಕೆ ತರಗತಿಯ ಮುಂದೆ ಹೊಗಳಿದ್ದರು.

ಇದಕ್ಕೆ ಮದ್ದಿದೆ ಎಂದು ನನಗೆ ಗೊತ್ತಿತ್ತು. ಎರಡು ವಾರ ದಿನವೂ ಹೊಟ್ಟೆಗೆ ಸೂಜಿ. ಜಿಲ್ಲಾ ಕೇಂದ್ರವಾದ ದುರ್ಗದ ದೊಡ್ಡಾಸ್ಪತ್ರೆಗೆ ಹೋಗಬೇಕು, ಔಷಧ ಬೆಂಗಳೂರಿನಿಂದ ರೈಲಿನಲ್ಲಿ ಬರಬೇಕು. ಬೇಗ ಶುರುವಾದಷ್ಟೂ ಒಳ್ಳೆಯದು. ಅದಾಗಲೇ ತಡವಾಗಿತ್ತು. ಜಗಳೂರಿನ ಡಾಕ್ಟರು ತಂತಿ ಕೊಡಲು ಆ ಸಂಜೆಯೇ ಒಪ್ಪಿದರು. ಆರು ಜನಕ್ಕೆ ಬೇಕೆಂದು ಹೇಳಿದೆ.

ಆದರೆ ಊರು ಏಳಲಿಲ್ಲ. ಅಲ್ಲಿ ಏನು ನಡೆಯಬೇಕಾದರೂ ಸಿದ್ದನಗೌಡರು ಮೊದಲು ಹೂಂ ಎನ್ನಬೇಕು. ಹಾಲಮ್ಮ ಅವರ ಒಬ್ಬಳೇ ಮಗಳು. ಮೇಷ್ಟ್ರು ಅವರ ಜಗುಲಿಯ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿ, ತಪ್ಪು ನನ್ನದು ಎಂದರು. ಗೌಡರು ಕೆಟ್ಟವರಲ್ಲ. ಸಿಟ್ಟು ಮಾಡಲಿಲ್ಲ. ಮಗಳನ್ನು ಕರೆದು ತಲೆಯಿಂದ ಕಾಲಿನವರೆಗೆ ನೋಡಿದರು. ಮಗು ಚೆನ್ನಾಗೇ ಐತೆ, ಹೂವಿನಂಥ ಹೊಟ್ಟೆಗೆ ದಿನಾ ಸೂಜಿ ಚುಚ್ಚಿಸಾಕೆ ನನ್ನಿಂದ ಆಗಲ್ಲ ಎಂದರು. ನಾಯಿ ಕಡಿತಕ್ಕೆ ಸೊಪ್ಪಿನ ರಸ ಕೊಡುವವರೊಬ್ಬರು ಪಕ್ಕದ ಊರಲ್ಲಿದ್ದರು. ಅವರಿಂದ ಮದ್ದು ತರಿಸಿ ಐದೂ ಮಕ್ಕಳಿಗೆ ಕುಡಿಸಿದರು, ದಾರ ಕಟ್ಟಿಸಿದರು. ಮೇಷ್ಟ್ರಿಗೂ ಕುಡಿಸಿದರು. ಅವರು ಬೇಡವೆನ್ನದೆ ಕುಡಿದರು. ಬೇರೆ ಮನೆಗಳಲ್ಲಿ ನಾನು ಮಾತೆತ್ತಿದರೆ ಚೀಲದ ಕಡೆ ನೋಡಿ ಬಾಗಿಲು ಮುಂದೆ ಮಾಡಿದರು. ಸೂಜಿ ಹಿಡಿದು ಬರುವವನ ಮಾತನ್ನು ಅವರು ಯಾವತ್ತು ನಂಬಿದ್ದರು?

ಮೇಷ್ಟ್ರು ಪ್ರತಿದಿನ ಬೆಳಿಗ್ಗೆ ಗೌಡರ ಮನೆಗೆ ಹೋದರು. ಪ್ರತಿದಿನ ಅದೇ ಉತ್ತರ. ಔಷಧ ದುರ್ಗಕ್ಕೆ ಬಂದಿದೆಯೆಂದು ತಿಳಿಯಿತು. ರಹಮಾನ್ ಸಾಬರೂ ನಾನೂ ಅವರನ್ನು ಕೂರಿಸಿಕೊಂಡು, ನೀವು ಮೊದಲು ಹೋಗಿ, ಮಕ್ಕಳನ್ನು ನಾವು ಹೇಗಾದರೂ ಕರೆತರುತ್ತೇವೆ ಎಂದು ಬೇಡಿಕೊಂಡೆವು. ಗಿರಿಜಮ್ಮ ಒಳಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು.

"ನಾನು ಒಬ್ಬನೇ ಹೋದೆ ಅಂದ್ರೆ, ಮೇಷ್ಟ್ರು ತನ್ನ ಜೀವ ಉಳಿಸಿಕೊಳ್ಳಾಕೆ ಓಡಿದ ಅಂತಾರೆ" ಎಂದರು ಮೇಷ್ಟ್ರು. "ಆಮೇಲೆ ನಿಮ್ಮ ಮಾತು ಯಾರು ಕೇಳ್ತಾರೆ? ಮಕ್ಕಳು ಇಲ್ಲೇ ಉಳೀತಾವೆ."

ಗಿರಿಜಮ್ಮ, ಹೊರಗೆ ಹೊರಟ ನನ್ನನ್ನು ಹಿತ್ತಲ ಬಾಗಿಲಲ್ಲಿ ತಡೆದು, ಇನ್ನೂ ಎಷ್ಟು ದಿನ ಕಾಯಬಹುದು ಎಂದು ಮಾತ್ರ ಕೇಳಿದರು. ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರುವುದಿಲ್ಲ ಎಂದೆ.

ಹೀಗೆ ವಾರ ಕಳೆಯಿತು. ಒಂದು ದಿನ ಗೌಡರ ಮನೆಯ ಎತ್ತು ಇದ್ದಕ್ಕಿದ್ದ ಹಾಗೆ ಅರಚತೊಡಗಿತು. ಒಳ್ಳೆಯ ಜೋಡಿಯ ಬಲಗಡೆಯ ಎತ್ತು ಅದು. ತಿಂಗಳ ಹಿಂದೆ ಮೇಯುವಾಗ ಅದರ ಮೂತಿಗೆ ಏನೋ ಕಚ್ಚಿತ್ತು, ಹಾವಲ್ಲ ಎಂದು ಸುಮ್ಮನಾಗಿದ್ದರು. ಸುದ್ದಿ ಕೇಳಿ ನಾವು ಹೋಗುವಷ್ಟರಲ್ಲಿ ಅಂಗಳದ ತುಂಬ ಜನ. ಎತ್ತನ್ನು ಕಲ್ಲಿನ ಗೂಟಕ್ಕೆ ಎರಡೂ ಕಡೆ ಹಗ್ಗ ಹಾಕಿ ಕಟ್ಟಿದ್ದರು. ಜೊಲ್ಲು ನೆಲಕ್ಕೆ ಇಳಿಯುತ್ತಿತ್ತು. ಕೂಗು ಒಡೆದುಹೋಗಿ, ಎತ್ತಿನ ಕೂಗು ಎಂದು ಹೇಳಲು ಆಗದಂತಿತ್ತು. ತಲೆಯನ್ನು ಗೂಟಕ್ಕೆ ಬಡಿದುಬಡಿದು ಒಂದು ಕೊಂಬಿನ ಬುಡ ಬಿಚ್ಚಿತ್ತು. ಬಾಯಾರಿರಬೇಕೆಂದು ಯಾರೋ ಬಾನಿಯಲ್ಲಿ ನೀರು ತಂದಿಟ್ಟರು. ಅದು ಮೂತಿ ಅದ್ದಿತು, ಎಳೆದುಕೊಳ್ಳಲು ನೋಡಿತು. ನೀರೆಲ್ಲ ಮೂಗಿನಿಂದ ಹೊರಬಂತು. ಮತ್ತೆ ಅದ್ದಿತು.

ಗೌಡರು ಅದನ್ನು ಕರುವಾಗಿದ್ದಾಗಿನಿಂದ ಸಾಕಿದವರು. ನೋಡುತ್ತ ನಿಂತಿದ್ದವರು ಮೆಲ್ಲಗೆ ಪಕ್ಕದಲ್ಲಿದ್ದ ಮೇಷ್ಟ್ರ ಕಡೆ ತಿರುಗಿದರು.

"ಆ ಮರಿಗೂ ಹಾಲು ನುಂಗಾಕೆ ಆಗಿರಲಿಲ್ಲ ಅಂದ್ರಲ್ಲ?"

ಮೇಷ್ಟ್ರು ಹೌದೆಂದರು. ಗೌಡರು ಆಳನ್ನು ಕರೆದು, ಐದೂ ಮಕ್ಕಳನ್ನು ಕರೆಸಿ ಗಾಡಿ ಹೂಡಲು ಹೇಳಿದರು. ನಾವು ಊರು ಬಿಡುವಾಗ ಹಿಂದಿನಿಂದ ರಹಮಾನ್ ಸಾಬರ ಕೋವಿಯ ಸದ್ದು ಕೇಳಿತು. ಗಾಡಿಯಲ್ಲಿ ಕೂತಿದ್ದ ಗೌಡರು ತಲೆ ತಗ್ಗಿಸಿದರು.

ಮೇಷ್ಟ್ರೂ ಮಕ್ಕಳೂ ದುರ್ಗದ ಛತ್ರದಲ್ಲಿ ಇಳಿದುಕೊಂಡರು. ನಾನು ಎರಡು ಸಲ ಹೋಗಿ ನೋಡಿಕೊಂಡು ಬಂದೆ. ಆಸ್ಪತ್ರೆಯ ಡಾಕ್ಟರು ಒಳ್ಳೆಯ ಮನುಷ್ಯ, ಮಕ್ಕಳಿಗೆ ಬೆಲ್ಲದ ಮಿಠಾಯಿ ತಂದಿಡುತ್ತಿದ್ದರು. ದಿನವೂ ಬೆಳಿಗ್ಗೆ ಸಾಲಾಗಿ ಸೂಜಿ. ಮೊದಲು ಮೇಷ್ಟ್ರೇ ಅಂಗಿ ಎತ್ತಿ ಮಲಗುತ್ತಿದ್ದರು, ಮಕ್ಕಳು ನೋಡಲಿ ಎಂದು. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಊದಿ, ಮಕ್ಕಳು ಬಗ್ಗಿಕೊಂಡು ನಡೆಯುತ್ತಿದ್ದವು. ಮಧ್ಯಾಹ್ನ ಅವರೇ ಛತ್ರದ ಅಂಗಳದಲ್ಲಿ ಪಾಠ ಮಾಡಿದರು. ಕೋಟೆಯ ಬಂಡೆಗಳ ಕಡೆ ಕರೆದುಕೊಂಡು ಹೋಗಿ ಕಕ್ಕೆಯ ಮರ ಹೂ ಬಿಟ್ಟದ್ದನ್ನು ತೋರಿಸಿದರು. ನಾನು ಹೋದ ದಿನ ಬಡಿಗೇರ ಹುಡುಗ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ, ಗೋಡೆಯ ಬಿರುಕಲ್ಲಿದ್ದ ಓತಿಕೇತದ ಕೆಂಪು ತಲೆ ತೋರಿಸಿದ. ಚೀಲ ಹೆಗಲಲ್ಲಿದ್ದರೂ ಮಗುವೊಂದು ಹೆದರದೆ ನನ್ನ ಕೈ ಹಿಡಿದದ್ದು ಅದೇ ಮೊದಲು.

ಎಲ್ಲರೂ ಊರಿಗೆ ಮರಳಿದರು. ವೈಶಾಖ ಕಳೆಯಿತು. ನಾವು ಮತ್ತೆ ಜಗುಲಿಯಲ್ಲಿ ಸೇರಿದೆವು. ಮೇಷ್ಟ್ರು ಮೊದಲಿನ ಹಾಗೆಯೇ ಇದ್ದರು. ಮಾತಿನ ನಡುವೆ ನಾನು ಅವರ ಬೆರಳನ್ನು ನೋಡುತ್ತಿದ್ದೆ, ಅವರಿಗೂ ಅದು ಗೊತ್ತಾಗುತ್ತಿತ್ತು.

ಮೊದಲ ಮಳೆ ಬಿದ್ದ ವಾರ ಆ ಊರಿಗೆ ಹೋಗಿದ್ದೆ. ಶಾಲೆಯ ಬಾಗಿಲಲ್ಲಿ ನಿಂತು ನೋಡಿದರೆ ಮೇಷ್ಟ್ರು ಎಡಗೈಯಲ್ಲಿ ಹಲಗೆಯ ಮೇಲೆ ಬರೆಯುತ್ತಿದ್ದರು. ಅಕ್ಷರಗಳು ಸೊಟ್ಟಪಟ್ಟ ಬೀಳುತ್ತಿದ್ದವು, ಮಕ್ಕಳು ನಗುತ್ತಿದ್ದವು, ಅವರೂ ನಗುತ್ತಿದ್ದರು. ನನ್ನನ್ನು ಕಂಡು ಮಕ್ಕಳಿಗೆ ಮಗ್ಗಿ ಹೇಳಲು ಬಿಟ್ಟು ಹೊರಗೆ ಬಂದರು. ಬೇವಿನ ಮರದ ಕೆಳಗೆ ನಿಂತೆವು. ನಿನ್ನೆಯಿಂದ ಬೆರಳು ಜುಮ್ ಅಂತೈತೆ, ತೋಳಿನವರೆಗೂ ಇರುವೆ ಹರಿದಂಗೆ ಆಗ್ತೈತೆ ಎಂದರು. ಕೈ ಉಳುಕಿರಬಹುದು, ವಾತವಿರಬಹುದು ಎಂದು ನಾನು ಏನೇನೋ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಿಮಗೂ ಗೊತ್ತೈತೆ, ನನಗೂ ಗೊತ್ತೈತೆ. ಗಿರಿಜಾಗೆ ನಾನೇ ಹೇಳ್ತೀನಿ, ನೀವು ಬ್ಯಾಡ." ಆಮೇಲೆ ಒಳಗಿನಿಂದ ಬರುತ್ತಿದ್ದ ಮಗ್ಗಿಯ ಕಡೆ ಕಿವಿಗೊಟ್ಟು, "ಮಕ್ಕಳಿಗೆ ಯಾರಿಗಾದ್ರೂ ಹಿಂಗೆ ಆಗೈತೇನು ಅಂತ ಕೇಳಿ ನೋಡ್ದೆ. ಯಾರಿಗೂ ಇಲ್ಲ" ಎಂದರು.

ಅವರ ಗಾಯವೇ ಎಲ್ಲರಿಗಿಂತ ಆಳವಾಗಿತ್ತೋ, ವಾರ ಕಾದದ್ದೇ ಮುಳುವಾಯಿತೋ. ಆಗ ಆ ಮದ್ದು ಎಲ್ಲರನ್ನೂ ಉಳಿಸುತ್ತಿರಲಿಲ್ಲ ಎಂದು ದುರ್ಗದ ಡಾಕ್ಟರು ನನಗೆ ಆಮೇಲೆ ಹೇಳಿದರು. ಮರುದಿನ ಇದ್ದಲ ಬಸ್ಸಿನಲ್ಲಿ ಅವರನ್ನು ಕರೆದುಕೊಂಡು ಹೋದೆವು. ಕಿಟಕಿಯಿಂದ ಗಾಳಿ ಮುಖಕ್ಕೆ ಬಡಿದಾಗಲೆಲ್ಲ ಅವರ ಗಂಟಲು ಸೆಟೆಯುತ್ತಿತ್ತು. ಗಿರಿಜಮ್ಮ ಸೆರಗನ್ನು ಅಡ್ಡ ಹಿಡಿದು ಕೂತರು, ದಾರಿಯುದ್ದಕ್ಕೂ ಕೈ ಇಳಿಸಲಿಲ್ಲ.

ಆಸ್ಪತ್ರೆಯ ಮೂಲೆಯ ಕೋಣೆ, ಕಿಟಕಿಗೆ ಕಂಬಳಿ ಕಟ್ಟಿದ್ದರು. ಅಲ್ಲಿ ಕಂಡದ್ದನ್ನೆಲ್ಲ ನಾನು ಬರೆಯುವುದಿಲ್ಲ. ನೀರು ಎಂಬ ಮಾತು ಕೇಳಿದರೂ ಅವರ ಮೈ ಬಿಲ್ಲಿನಂತೆ ಬಾಗುತ್ತಿತ್ತು. ನಡುನಡುವೆ ತಿಳಿಯಾಗುತ್ತಿದ್ದರು, ಅದು ಇನ್ನೂ ಕಷ್ಟ. ಅಂಥ ಒಂದು ಗಳಿಗೆಯಲ್ಲಿ ಹೆಂಡತಿಯನ್ನು ಹೊರಗೆ ಕಳಿಸಿ ಎಂದು ನನಗೆ ಹೇಳಿದರು. ತನ್ನ ಜೊಲ್ಲು ತಾಗೀತು ಎಂಬ ಭಯ ಅವರಿಗೆ. ಗಿರಿಜಮ್ಮ ಹೋಗಲಿಲ್ಲ. ಮಂಚದಿಂದ ತುಸು ದೂರದಲ್ಲಿ, ಅವರಿಗೆ ಕಾಣುವ ಹಾಗೆ ನೆಲದ ಮೇಲೆ ಕೂತರು. ಮಧ್ಯೆ ಒಮ್ಮೆ ಅವರು ನನ್ನನ್ನು ಕರೆದು, ಹಾಲಮ್ಮ ಹೆಂಗಿದಾಳೆ ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದೆ. ಮಿಕ್ಕವರು? ಅವರೂ ಚೆನ್ನಾಗಿದ್ದಾರೆ ಎಂದೆ. ಅದು ನಿಜವಾಗಿತ್ತು. ಐದೂ ಮಕ್ಕಳು ಬದುಕಿದರು. ಮೇಷ್ಟ್ರು ಬೆಳಗಿನ ಹೊತ್ತು ತೀರಿಕೊಂಡರು. ಹೊನ್ನಾಳಿಯಿಂದ ಗಿರಿಜಮ್ಮನ ತಮ್ಮ ಬಂದ ಮೇಲೆ ದುರ್ಗದಲ್ಲೇ ಮಣ್ಣು ಮಾಡಿದೆವು.

ಮನೆಯ ಸಾಮಾನು ಕಟ್ಟಲೆಂದು ಗಿರಿಜಮ್ಮ ಊರಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಊರ ಮುಂದೆ ಜನ ಕಾಯುತ್ತಿದ್ದರು. ಹೆಂಗಸರು ಬಂದು ಅವರನ್ನು ತಬ್ಬಿಕೊಂಡು ಅತ್ತರು. ಆಮೇಲೆ ಸಿದ್ದನಗೌಡರು ಮುಂದೆ ಬಂದು, ಶಾಲೆಯ ತನಕ ಬರ್ರಿ ತಾಯಿ, ನಿಮಗೆ ಒಂದು ತೋರಿಸ್ಬೇಕು ಎಂದು ಕೈಮುಗಿದರು.

ಶಾಲೆಯ ಮುಂದಿನ ಬಯಲಲ್ಲಿ ಸಾಲಾಗಿ ಮಲಗಿಸಿದ್ದರು. ನರಿಗಳು, ದೊಡ್ಡವು ಮತ್ತು ಇನ್ನೂ ಪೂರ್ತಿ ಬಲಿಯದ ಮರಿಗಳು. ಒಂದು ತೋಳ. ಕಾಡುಬೆಕ್ಕು, ಪುನುಗುಬೆಕ್ಕು, ಮುಂಗುಸಿಗಳು. ಕೆಲವಕ್ಕೆ ಏಟಿನ ಗುರುತಿತ್ತು. ಮರಿಗಳ ಮೈಮೇಲೆ ಗಾಯವೇ ಇರಲಿಲ್ಲ. ಮೇಷ್ಟ್ರನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂದ ದಿನದಿಂದ ಊರಿನ ಗಂಡಸರೆಲ್ಲ ಹೊಲದ ಕೆಲಸ ಬಿಟ್ಟು ದೊಣ್ಣೆ, ಬಲೆ ಹಿಡಿದು ಬಯಲು ಸೋಸಿದ್ದರು. ಮುಂಗಾರು ಬಿದ್ದ ವಾರ ಹೊಲ ಬಿಡುವುದೆಂದರೆ ಏನೆಂದು ನನಗೆ ಗೊತ್ತಿತ್ತು. ರಹಮಾನ್ ಸಾಬರು ಶಾಲೆಯ ಗೋಡೆಗೆ ಒರಗಿ ಕೂತಿದ್ದರು. ನಮ್ಮನ್ನು ನೋಡಿ ಎದ್ದು ನಿಂತರು, ಹತ್ತಿರ ಬರಲಿಲ್ಲ.

"ಕಚ್ಚೋ ಬಾಯಿ ಇರೋದು ಒಂದನ್ನೂ ಬಿಟ್ಟಿಲ್ಲ ತಾಯಿ" ಎಂದರು ಗೌಡರು. ಅವರ ಕಣ್ಣಲ್ಲಿ ನೀರಿತ್ತು. "ನಮ್ಮ ಮಕ್ಕಳಿಗೋಸ್ಕರ ಅವ್ರು ಹೋದ್ರು. ನಮ್ಮ ಕೈಲಿ ಆಗಿದ್ದು ಇಷ್ಟೇ."

ಗಿರಿಜಮ್ಮ ಆ ಸಾಲಿನ ಉದ್ದಕ್ಕೂ ನಡೆದರು. ಒಂದೊಂದನ್ನೂ ನೋಡುತ್ತ, ಅವಸರವಿಲ್ಲದೆ. ಮರಿಗಳ ಹತ್ತಿರ ಬಂದು ಕೂತರು. ಇವನ್ನು ಹೆಂಗೆ ಹಿಡಿದ್ರಿ ಎಂದು ಕೇಳಿದರು. ಬಿಲಕ್ಕೆ ಹೊಗೆ ಹಾಕಿದೆವು ಎಂದು ಯಾರೋ ಹಿಂದಿನಿಂದ ಹೇಳಿದರು. ಅವರು ತಲೆಯಾಡಿಸಿ ಎದ್ದರು. ಸೆರಗು ಸರಿಮಾಡಿಕೊಂಡು ಗೌಡರಿಗೂ ನಿಂತಿದ್ದ ಜನಕ್ಕೂ ಕೈಮುಗಿದರು. ಅಷ್ಟು ಜನ ತನ್ನ ಗಂಡನಿಗಾಗಿ ಅಳುತ್ತಿರುವಾಗ ಬೇರೆ ಏನು ಮಾಡಲು ಅವರಿಗೆ ಸಾಧ್ಯವಿತ್ತೋ ನನಗೆ ತಿಳಿಯದು.

ಗೌಡರಿಗೆ ಇನ್ನೂ ಹೇಳುವುದಿತ್ತು. ಆ ಮಟ್ಟಿಯ ಕುರುಚಲನ್ನೆಲ್ಲ ಸವರಿ ಹಾಕುತ್ತೇವೆ, ಇಂಥವು ಮತ್ತೆ ಬಂದು ಸೇರಬಾರದು, ಕೊಡಲಿ ಸಾಣೆಗೆ ಹೋಗಿವೆ ಎಂದರು. ಮನೆ ನಿಮ್ಮದೇ, ಇಲ್ಲೇ ಇದ್ದುಬಿಡಿ, ಕಾಳುಕಡ್ಡಿ ಊರು ಕೊಡುತ್ತದೆ ಎಂದರು. ಇಲ್ಲ, ತಮ್ಮನ ಜೊತೆ ಹೊನ್ನಾಳಿಗೆ ಹೋಗುತ್ತೇನೆ ಎಂದರು ಗಿರಿಜಮ್ಮ. ಹಾಗಾದರೆ ಬೇರೆ ಏನಾದರೂ ಕೇಳಿ, ಬರಿಗೈಲಿ ಕಳಿಸಲಾರೆವು ಎಂದು ಗೌಡರು ಪಟ್ಟು ಹಿಡಿದರು.

"ಆ ಮಟ್ಟಿ ಬಿಟ್ಬಿಡ್ರಿ" ಎಂದರು ಗಿರಿಜಮ್ಮ.

ಗೌಡರಿಗೆ ಕೇಳಿಸಿದ್ದು ಅರ್ಥವಾಗಲಿಲ್ಲ. ಮುಖ ಮುಖ ನೋಡಿದರು.

"ಕೊಡಲಿ ಹಾಕ್ಬ್ಯಾಡ್ರಿ. ಅವರು ದಿನಾ ಹೊತ್ತಾರೆ ಅಲ್ಲಿಗೆ ಹೋಗ್ತಿದ್ರು. ನಂಗೆ ಇನ್ನೇನೂ ಬ್ಯಾಡ."

ಜನ ಸರಿದಾಡಿದರು. ಯಾರೋ ಗೊಣಗಿದರು. ಗೌಡರು ಕೈ ಎತ್ತಿ ಅವರನ್ನು ತಡೆದು, ಆಗಲಿ ಎಂದರು. ಆ ಸಂಜೆ ರಹಮಾನ್ ಸಾಬರೂ ನಾನೂ ಊರ ಹೊರಗೆ ಗುಂಡಿ ತೋಡಿ ಆ ಪ್ರಾಣಿಗಳನ್ನೆಲ್ಲ ಹೂತೆವು. ಗೌಡರ ಆಳುಗಳೂ ಕೈ ಜೋಡಿಸಿದರು.

ಗಿರಿಜಮ್ಮ ಹೊನ್ನಾಳಿಯಲ್ಲಿ ಹೆಣ್ಣುಮಕ್ಕಳ ಶಾಲೆಗೆ ಸೇರಿ ಓದು ಬರಹ ಕಲಿಸುತ್ತ ಬಾಳಿದರು. ನ್ಯಾಮತಿಗೆ ಹೋದಾಗ ಒಂದೆರಡು ಸಲ ಕಂಡು ಬಂದೆ. ಮಗಳೊಬ್ಬಳಿದ್ದರೆ ಎಷ್ಟು ಎತ್ತರವಾಗುತ್ತಿದ್ದಳೋ ಅಷ್ಟು ಎತ್ತರದ ಹುಡುಗಿಯರ ನಡುವೆ ಅವರು ನೆಮ್ಮದಿಯಾಗಿದ್ದಂತೆ ಕಂಡರು. ಹಳೆಯದನ್ನು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ರಹಮಾನ್ ಸಾಬರು ಚನ್ನಗಿರಿಯ ಕಡೆಗೆ ವರ್ಗ ಮಾಡಿಸಿಕೊಂಡು ಹೋದರು. ಸಂತೆಯ ದಿನ ನನ್ನ ಜಗುಲಿ ಖಾಲಿಯಾಯಿತು.

ಗೌಡರು ಕೊಟ್ಟ ಮಾತು ಉಳಿಸಿಕೊಂಡರು. ಅವರು ಇರುವವರೆಗೂ ಆ ಮಟ್ಟಿಗೆ ಕೊಡಲಿ ಬೀಳಲಿಲ್ಲ, ಕುರಿಯನ್ನೂ ಬಿಡಲಿಲ್ಲ. ಕುರುಚಲು ಆಳೆತ್ತರ ಬೆಳೆಯಿತು. ಮುಂದಿನ ವರ್ಷಗಳಲ್ಲಿ ಆ ದಾರಿಯಾಗಿ ಹೋಗುವಾಗಲೆಲ್ಲ ನಾನು ಅಲ್ಲಿ ನಿಲ್ಲುತ್ತಿದ್ದೆ. ಗೌಜಲಕ್ಕಿ ಸಿಗುತ್ತಿದ್ದವು, ಮೊಲ ಹಾಯುತ್ತಿದ್ದವು, ಒಮ್ಮೆ ಚಿಗರಿಯ ಹಿಂಡು ನೆರಳಿಗೆ ಬಂದು ನಿಂತಿತ್ತು. ಮಣ್ಣಿನ ಮೇಲೆ ಹಳೆಯ ಬಿಲಗಳ ಬಾಯಿಗಳು ಹಾಗೇ ಇದ್ದವು, ಜೇಡ ಬಲೆ ಕಟ್ಟಿತ್ತು. ನಾನು ಆ ತಾಲ್ಲೂಕಿನಲ್ಲಿ ಇದ್ದಷ್ಟು ಕಾಲ ಅವುಗಳೊಳಗೆ ಒಂದು ನರಿಯೂ ಹೊಕ್ಕದ್ದನ್ನು ಕಾಣಲಿಲ್ಲ.